ಕರೆಂಟು ಎಲ್ಲಿ ನಿಂತಿದೆ? ಒದ್ದೆಯಾದ ಲ್ಯಾಪ್‌ಟಾಪ್ ಬೋರ್ಡಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಂಕಟದ್ದು. ಲ್ಯಾಪ್‌ಟಾಪ್ ಮೇಲೆ ಏನೋ ಚೆಲ್ಲಿತು, ಈಗ ಆನ್ ಆಗುತ್ತಿಲ್ಲ, ಬೋರ್ಡೇ, ಅಂದರೆ ಒಳಗಿನ ಮದರ್‌ಬೋರ್ಡೇ ಹೋಗಿದೆ ಅನ್ನುತ್ತಾರೆ, ನಿಜವಾ? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ತೆಗೆದುಕೊಂಡಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ. ನಿಮ್ಮ ಮಾತು ಚಿಕ್ಕದಾಗಿದ್ದರೆ ಬೇಸರ ಬೇಡ.

ಪ್ರಶ್ನೆ: ಕೀಬೋರ್ಡ್ ಮೇಲೆ ಸಕ್ಕರೆ ಹಾಕಿದ ಕಾಫಿ ಚೆಲ್ಲಿತು. ತಕ್ಷಣ ಆಫ್ ಮಾಡಿದೆ, ಬೋರಲು ಹಾಕಿ ಎರಡು ದಿನ ಗಾಳಿಗೆ ಇಟ್ಟೆ. ಮೂರನೇ ದಿನ ಆನ್ ಆಯಿತು. ನಾಲ್ಕು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಇದ್ದಕ್ಕಿದ್ದಂತೆ ಸತ್ತುಹೋಯಿತು. ಪೂರ್ತಿ ಒಣಗಿದ ಮೇಲೂ ಹೀಗೇಕೆ?

ಉತ್ತರ: ಒಣಗಿದ್ದು ನೀರು ಮಾತ್ರ. ಕಾಫಿಯಲ್ಲಿದ್ದ ಸಕ್ಕರೆ, ಹಾಲಿನ ಅಂಶ, ಲವಣ ಎಲ್ಲವೂ ಬೋರ್ಡಿನ ಮೇಲೆ ಹಾಗೇ ಕೂತಿವೆ. ಆ ಅಂಟು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಸೇರಿದ ಕೂಡಲೇ ಅದರ ಮೂಲಕ ಕರೆಂಟು ಹರಿಯಲು ಶುರುವಾಗುತ್ತದೆ, ತುಂಬಾ ಕಡಿಮೆ, ಆದರೆ ಬಿಡದೆ.

‘ತಕ್ಷಣ ಆಫ್ ಮಾಡಿದೆ’ ಅಂದಿರಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಒಳಗೆ ಬ್ಯಾಟರಿ ಇರುವ ತನಕ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುವುದಿಲ್ಲ. ಪವರ್ ಬಟನ್ ಒತ್ತಿದ್ದನ್ನು ಗಮನಿಸಲು ಯಾವುದೋ ಒಂದು ಚಿಪ್ ಎಚ್ಚರ ಇರಲೇಬೇಕು ಅಲ್ವಾ? ಅದಕ್ಕೆ 3.3 ವೋಲ್ಟ್ ಯಾವಾಗಲೂ ಇರುತ್ತದೆ. ಬ್ಯಾಟರಿಯ ಮುಖ್ಯ ಲೈನಂತೂ ಜೀವಂತವಾಗಿಯೇ ಇರುತ್ತದೆ. ಈಗ ಒಂದು ಪ್ಯಾಡ್‌ನಲ್ಲಿ, ಅಂದರೆ ಬಿಡಿಭಾಗ ಬೆಸೆಯುವ ಲೋಹದ ಚುಕ್ಕೆಯಲ್ಲಿ, 12 ವೋಲ್ಟ್, ಕೂದಲೆಳೆ ದೂರದ ಪಕ್ಕದ ಪ್ಯಾಡ್ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್, ನಡುವೆ ಒದ್ದೆ ಅಂಟು ಅಂದುಕೊಳ್ಳಿ. ಒಡವೆಗೆ ಚಿನ್ನದ ಲೇಪ ಹಾಕುವವರ ತೊಟ್ಟಿಯಲ್ಲಿ ಏನು ನಡೆಯುತ್ತದೋ ಅದೇ ಇಲ್ಲಿ ನಡೆಯುತ್ತದೆ. ಪಾಸಿಟಿವ್ ಕಡೆಯ ತಾಮ್ರ ಕರಗುತ್ತದೆ, ನೆಗೆಟಿವ್ ಕಡೆಯಿಂದ ಲೋಹದ ಸಣ್ಣ ಎಳೆಗಳು ಬೆಳೆಯುತ್ತವೆ. ಹಸಿರು ನೀಲಿ ಪುಡಿ ಕಾಣುವುದು ತಾಮ್ರದ ಲವಣ. ಕೊನೆಗೆ ಎರಡರಲ್ಲಿ ಒಂದು ಆಗುತ್ತದೆ. ಕರಗಿದ ಕಡೆ ಸಂಪರ್ಕ ತುಂಡಾಗುತ್ತದೆ, ಇಲ್ಲವೇ ಎಳೆ ಬೆಳೆದ ಕಡೆ ಶಾರ್ಟ್ ಆಗುತ್ತದೆ. ನಿಮ್ಮದು ನಾಲ್ಕು ದಿನ ಓಡಿದ್ದು, ಆ ಕೆಲಸ ಮುಗಿಯಲು ಅಷ್ಟು ಸಮಯ ಹಿಡಿಯಿತು ಅನ್ನುವುದಕ್ಕಷ್ಟೇ.

ಆದ್ದರಿಂದ ಚೆಲ್ಲಿದ ಕೂಡಲೇ ಮಾಡಬೇಕಾದದ್ದು ಇಷ್ಟು. ಅಡಾಪ್ಟರ್ ಕೀಳಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಡ್ರೈವರ್ ಬ್ಯಾಟರಿಯ ಚೀಲಕ್ಕೆ ತಾಗದಂತೆ ನೋಡಿಕೊಳ್ಳಿ, ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಏನೂ ಆಗುವುದಿಲ್ಲ. ಹೇರ್ ಡ್ರೈಯರ್ ಹಿಡಿದರೆ ದ್ರವ ಚಿಪ್‌ಗಳ ಅಡಿಗೆ ಇನ್ನೂ ಒಳಗೆ ಹೋಗುತ್ತದೆ. ‘ಒಂದು ಸಲ ಆನ್ ಮಾಡಿ ನೋಡೋಣ’ ಅನ್ನುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ನಾನು ಬಿಚ್ಚಿದ ಬೋರ್ಡುಗಳಲ್ಲಿ ಚೆಲ್ಲಿದ ಕಾಫಿಗಿಂತ ಆ ಒಂದು ಸಲದಿಂದಲೇ ಜಾಸ್ತಿ ಹಾಳಾಗಿರುವುದನ್ನು ಕಂಡಿದ್ದೇನೆ.

ಪ್ರಶ್ನೆ: ಬೋರ್ಡ್ ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕಾ? ಒಬ್ಬರು ನೀರಿನಿಂದಲೇ ತೊಳೆಯಿರಿ ಅಂದರು, ಕೇಳಿ ಗಾಬರಿಯಾಯಿತು.

ಉತ್ತರ: ಅವರು ಹೇಳಿದ್ದು ಸರಿಯೇ, ಆದರೆ ನಲ್ಲಿ ನೀರಲ್ಲ. ಸಕ್ಕರೆ ಮತ್ತು ಉಪ್ಪು ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಹಾಗಾಗಿ ಸಿಹಿ ಪಾನೀಯ ಬಿದ್ದಿದ್ದರೆ ಮೊದಲು ಡಿಸ್ಟಿಲ್ಡ್ ನೀರು, ಮೆತ್ತನೆ ಬ್ರಷ್. ಆಮೇಲೆ 99 ಶೇಕಡಾ ಐಸೊಪ್ರೊಪೈಲ್, ಅದು ಉಳಿದ ನೀರನ್ನು ಹೊರದೂಡಿ ಬೇಗ ಆರುತ್ತದೆ. ಬೋರ್ಡು ಹೊರಗೆ ಬಂದಿರಬೇಕು, ಬ್ಯಾಟರಿ, ಫ್ಯಾನ್, ಹೀಟ್‌ಸಿಂಕ್ ಯಾವುದೂ ಅಂಟಿಕೊಂಡಿರಬಾರದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಒಂದು ವಿಷಯ ಮಾತ್ರ ಮರೆಯಬೇಡಿ. ತಗಡಿನ ಮುಚ್ಚಳಗಳ ಕೆಳಗೆ ಮತ್ತು ದೊಡ್ಡ ಚಿಪ್‌ಗಳ ಅಡಿಯಲ್ಲಿ ಬ್ರಷ್ ತಲುಪುವುದಿಲ್ಲ. ಮೇಲೆ ಫಳಫಳ ಹೊಳೆಯುವ ಬೋರ್ಡಿನ ತಗಡು ಎತ್ತಿದರೆ ಒಳಗೆ ಹಸಿರು ಕಾಣುವುದು ನಮ್ಮ ಮೇಜಿನ ಮೇಲೆ ದಿನದ ಮಾತು. ಶಬ್ದದ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ಇದ್ದರೆ ಅಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ತೊಳೆದ ಮೇಲೆ ಒಂದು ದಿನವಾದರೂ ಆರಲು ಬಿಡಿ. ಮತ್ತೆ, ತೊಳೆಯುವುದು ರಿಪೇರಿ ಅಲ್ಲ. ಕರಗಿಹೋದ ಪ್ಯಾಡು ತೊಳೆದರೆ ವಾಪಸ್ ಬರುವುದಿಲ್ಲ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ನೀರು ಬಿದ್ದ ಒಂದು ಹಳೆಯ ಲ್ಯಾಪ್‌ಟಾಪ್ ಕಲಿಯಲು ಸಿಕ್ಕಿದೆ. ಗುಂಡು ಪಿನ್ನಿನ 19 ವೋಲ್ಟ್ ಅಡಾಪ್ಟರ್. ಹಾಕಿದರೆ ಒಂದು ಲೈಟೂ ಇಲ್ಲ. ನನ್ನ ಹತ್ತಿರ ಮಲ್ಟಿಮೀಟರ್ ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಲ್ಟಿಮೀಟರ್ ಸಾಕು. ಆದರೆ ಅದಕ್ಕೂ ಮೊದಲು ತಲೆಯಲ್ಲಿ ಒಂದು ಚಿತ್ರ ಬೇಕು, ಅದಿಲ್ಲದೆ ಅಳೆದರೆ ಸುಮ್ನೆ ಅಂಕಿ ಸಿಗುತ್ತದೆ, ಅರ್ಥ ಸಿಗುವುದಿಲ್ಲ.

ಬೋರ್ಡು ಒಂದೇ ಸಲಕ್ಕೆ ಎಚ್ಚರವಾಗುವುದಿಲ್ಲ. ಕಾಲುವೆಯ ತೂಬುಗಳ ಹಾಗೆ, ಮೇಲಿನದು ತೆರೆದರಷ್ಟೇ ಕೆಳಗಿನದಕ್ಕೆ ನೀರು. ಅಡಾಪ್ಟರಿನ 19 ವೋಲ್ಟ್ ಮೊದಲು ಎರಡು ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ) ದಾಟಿ ಮುಖ್ಯ ಲೈನಿಗೆ ಬರುತ್ತದೆ. ಅವನ್ನು ತೆರೆಯುವುದು ಚಾರ್ಜರ್ ಚಿಪ್. ಅಡಾಪ್ಟರ್ ಸರಿಯಾಗಿದೆ ಎಂದು ಅದಕ್ಕೆ ನಂಬಿಕೆ ಬರಬೇಕು, ಬಂದರೆ ಮಾತ್ರ ತೆರೆಯುತ್ತದೆ. ಮುಖ್ಯ ಲೈನಿನಿಂದ ಸದಾ ಇರುವ 3.3 ವೋಲ್ಟ್ ಮತ್ತು 5 ವೋಲ್ಟ್ ಹುಟ್ಟುತ್ತವೆ. ಆ 3.3 ವೋಲ್ಟಿನಿಂದ ಎಂಬೆಡೆಡ್ ಕಂಟ್ರೋಲರ್ ಅನ್ನುವ ಸಣ್ಣ ಯಜಮಾನ ಎದ್ದು ಕೂರುತ್ತಾನೆ. ನೀವು ಬಟನ್ ಒತ್ತಿದ್ದು ತಿಳಿಯುವುದು ಅವನಿಗೆ. ಅವನು ಚಿಪ್‌ಸೆಟ್‌ಗೆ ಹೇಳಬೇಕು, ಚಿಪ್‌ಸೆಟ್ ಬೋರ್ಡನ್ನು ಮಲಗಿಸಿಟ್ಟಿರುವ ನಿದ್ದೆಯ ಸಿಗ್ನಲ್‌ಗಳ ಹಿಡಿತ ಬಿಡಬೇಕು. ಅವುಗಳಲ್ಲಿ ಎಸ್‌ಎಲ್‌ಪಿ ಎಸ್4 ಬಿಟ್ಟಾಗ ಮೆಮೊರಿಗೆ ಕರೆಂಟು, ಎಸ್‌ಎಲ್‌ಪಿ ಎಸ್3 ಬಿಟ್ಟಾಗ ಉಳಿದವಕ್ಕೆ, ಎಲ್ಲಕ್ಕಿಂತ ಕೊನೆಗೆ ಪ್ರೊಸೆಸರಿನ ಒಂದು ವೋಲ್ಟ್ ಆಸುಪಾಸಿನ ಲೈನು. ಪ್ರತಿ ಹಂತವೂ ‘ನನ್ನ ಪವರ್ ಸರಿ ಇದೆ’ ಎಂದು ಮುಂದಿನದಕ್ಕೆ ಹೇಳಬೇಕು. ಒಂದು ಸುಮ್ಮನಾದರೆ ಮುಂದೆ ಎಲ್ಲವೂ ಕತ್ತಲು. ನಿಮ್ಮ ಕೆಲಸ ಒಂದೇ, ಕೊನೆಗೆ ತೆರೆದ ತೂಬು ಯಾವುದು, ತೆರೆಯದ ಮೊದಲ ತೂಬು ಯಾವುದು ಎಂದು ಹುಡುಕುವುದು.

ಈಗ ಕೈ ಹಚ್ಚಿ. ಮೊದಲ ಸುತ್ತು ಕರೆಂಟಿಲ್ಲದೆ. ಅಡಾಪ್ಟರ್ ಇಲ್ಲ, ಬ್ಯಾಟರಿ ಇಲ್ಲ. ಮೀಟರನ್ನು ಓಮ್‌ಗೆ ಇಡಿ, ಕಪ್ಪು ಪ್ರೋಬ್ ಗ್ರೌಂಡಿಗೆ, ಅಂದರೆ ಯಾವುದಾದರೂ ಸ್ಕ್ರೂ ತೂತಿನ ಲೋಹದ ಬಳೆಗೆ. ಕೆಂಪು ಪ್ರೋಬನ್ನು ಒಂದೊಂದೇ ಕಾಯಿಲ್‌ಗೆ ತಾಗಿಸಿ. ಬೋರ್ಡಿನ ಮೇಲೆ ಬೂದು ಬಣ್ಣದ ಚೌಕ ಇಟ್ಟಿಗೆಗಳು ಕಾಣುತ್ತವಲ್ಲ, ಅವೇ ಕಾಯಿಲ್‌ಗಳು. ಹೆಚ್ಚುಕಡಿಮೆ ಪ್ರತಿ ಕಾಯಿಲ್ ಒಂದು ವಿದ್ಯುತ್ ಲೈನಿನ ಬಾಯಿ. ಮುಖ್ಯ ಲೈನಿನಲ್ಲಿ ಹತ್ತಾರು ಕಿಲೋ ಓಮ್ ಅಥವಾ ಇನ್ನೂ ಜಾಸ್ತಿ ಬಂದರೆ ನೆಮ್ಮದಿ. 3.3 ಮತ್ತು 5 ವೋಲ್ಟಿನ ಕಾಯಿಲ್‌ನಲ್ಲಿ ಕಿಲೋ ಓಮ್‌ಗಳು ಬರಬೇಕು. ಒಂದೆರಡು ಓಮ್ ಅಂದರೆ ಶಾರ್ಟ್. ಆದರೆ ಪ್ರೊಸೆಸರಿನ ಕಾಯಿಲ್‌ನಲ್ಲಿ ಕೆಲವೇ ಓಮ್, ಕೆಲವು ಬೋರ್ಡಿನಲ್ಲಿ ಒಂದು ಓಮ್‌ಗಿಂತ ಕಡಿಮೆ ಬಂದರೂ ಅದು ಸಹಜ. ಗ್ರಾಫಿಕ್ಸ್ ಚಿಪ್ಪಿನದೂ ಹಾಗೇ. ಇದು ಗೊತ್ತಿಲ್ಲದೆ ಒಳ್ಳೆಯ ಪ್ರೊಸೆಸರನ್ನು ‘ಹೋಗಿದೆ’ ಎಂದು ಕೈಬಿಟ್ಟವರು ತುಂಬಾ ಜನ. ಬಂದ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ.

ಎರಡನೇ ಸುತ್ತು ಅಡಾಪ್ಟರ್ ಹಾಕಿ. ಜ್ಯಾಕ್‌ನಲ್ಲಿ 19 ವೋಲ್ಟ್ ಇದೆಯಾ? ಮೊದಲ ಮಾಸ್‌ಫೆಟ್ ದಾಟಿತಾ? ಎರಡನೆಯದು? ಪ್ರೋಬಿನ ತುದಿ ಸೂಜಿಯಂತಿರಲಿ, ಸಣ್ಣ ಕಾಲುಗಳ ಮೇಲೆ ತಾಗಿಸಬೇಡಿ, ಅದೇ ಲೈನು ಹೋಗುವ ದೊಡ್ಡ ಕೆಪಾಸಿಟರ್ ಅಥವಾ ಕಾಯಿಲ್ ಹುಡುಕಿ ಅಲ್ಲಿ ಅಳೆಯಿರಿ. ಪ್ರೋಬ್ ಜಾರಿ 19 ವೋಲ್ಟ್ ಪಕ್ಕದ 3.3 ವೋಲ್ಟಿನ ಕಾಲಿಗೆ ತಾಗಿದರೆ ಅರೆಕ್ಷಣದಲ್ಲಿ ನೀವು ಹುಡುಕುತ್ತಿದ್ದುದಕ್ಕಿಂತ ದೊಡ್ಡ ಕಾಯಿಲೆ ತಂದುಕೊಳ್ಳುತ್ತೀರಿ.

ನೀರು ಬಿದ್ದ ಬೋರ್ಡಿನಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ದೃಶ್ಯ ಹೇಳುತ್ತೇನೆ. ಜ್ಯಾಕ್‌ನಲ್ಲಿ 19 ಇದೆ, ಮಾಸ್‌ಫೆಟ್ ಆಚೆ ಸೊನ್ನೆ. ಎಲ್ಲೂ ಶಾರ್ಟ್ ಇಲ್ಲ. ಹೊಸಬರು ಮಾಸ್‌ಫೆಟ್ ಬದಲಿಸುತ್ತಾರೆ, ಆಗುವುದಿಲ್ಲ. ಚಾರ್ಜರ್ ಚಿಪ್ ಬದಲಿಸುತ್ತಾರೆ, ಆಗಲೂ ಇಲ್ಲ. ನಿಜವಾದ ತಪ್ಪು ಇರುವುದು ಸಾಸಿವೆಗಿಂತ ಸಣ್ಣ ಒಂದು ರೆಸಿಸ್ಟರಿನಲ್ಲಿ. ಚಾರ್ಜರ್ ಚಿಪ್ 19 ವೋಲ್ಟನ್ನು ನೇರ ನೋಡುವುದಿಲ್ಲ. ಎರಡು ರೆಸಿಸ್ಟರ್ ಅದನ್ನು ಭಾಗ ಮಾಡಿ ಎರಡು ಮೂರು ವೋಲ್ಟಿಗೆ ಇಳಿಸಿ ಚಿಪ್ಪಿನ ಒಂದು ಕಾಲಿಗೆ ಕೊಡುತ್ತವೆ. ಮೇಲಿನ ರೆಸಿಸ್ಟರ್ ಕೊಳೆತು ತುಂಡಾದರೆ ಚಿಪ್ ಅಲ್ಲಿ ಸೊನ್ನೆ ನೋಡುತ್ತದೆ. ಅದರ ಲೆಕ್ಕದಲ್ಲಿ ಅಡಾಪ್ಟರೇ ಇಲ್ಲ. ಮತ್ತೇಕೆ ಬಾಗಿಲು ತೆರೆಯುತ್ತದೆ?

ಇಂಥ ರೆಸಿಸ್ಟರನ್ನು ಬೋರ್ಡಿನಿಂದ ಕೀಳದೆ ಪರೀಕ್ಷಿಸಲು ಒಂದು ಒಳ್ಳೆಯ ದಾರಿ ಇದೆ. ಕರೆಂಟು ತೆಗೆದು ಅದರ ಎರಡು ತುದಿ ಅಳೆಯಿರಿ. ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಬೋರ್ಡಿನ ಸರ್ಕ್ಯೂಟ್ ನಕ್ಷೆಯಲ್ಲಿ, ಬರೆದಿದ್ದಕ್ಕಿಂತ ಕಡಿಮೆ ಬಂದರೆ ಏನೂ ತೀರ್ಮಾನ ಮಾಡಬೇಡಿ, ಸುತ್ತಲಿನ ಬೇರೆ ದಾರಿಗಳಿಂದ ಕಡಿಮೆ ಆಗಿರಬಹುದು. ಆದರೆ ಬರೆದಿದ್ದಕ್ಕಿಂತ ಗಣನೀಯವಾಗಿ ಜಾಸ್ತಿ ಬಂದು ಅಲ್ಲೇ ನಿಂತರೆ ಆ ರೆಸಿಸ್ಟರ್ ಹೋಗಿದೆ, ಅನುಮಾನ ಬೇಡ. ಪಕ್ಕದ ದಾರಿ ಅಂಕಿಯನ್ನು ಇಳಿಸಬಹುದೇ ಹೊರತು ಏರಿಸಲಾರದು. ಸ್ಕೀಮ್ಯಾಟಿಕ್ ಮತ್ತು ಬೋರ್ಡ್‌ವ್ಯೂ (ಯಾವ ಬಿಡಿಭಾಗ ಬೋರ್ಡಿನಲ್ಲಿ ಎಲ್ಲಿದೆ ಎಂದು ತೋರಿಸುವ ಕಡತ) ಹುಡುಕಿ ಇಟ್ಟುಕೊಳ್ಳಿ, ಬೋರ್ಡಿನ ಮಾದರಿ ಸಂಖ್ಯೆ ಅದರ ಮೇಲೇ ಅಚ್ಚಾಗಿರುತ್ತದೆ. ಅವಿಲ್ಲದೆ ಈ ಕೆಲಸ ಕಣ್ಣು ಕಟ್ಟಿಕೊಂಡು ಮನೆ ಹುಡುಕಿದ ಹಾಗೆ.

3.3 ಮತ್ತು 5 ವೋಲ್ಟ್ ಎರಡೂ ಸರಿಯಾಗಿದ್ದು ಬಟನ್ ಒತ್ತಿದರೂ ಏನೂ ಆಗದಿದ್ದರೆ, ಚಿಪ್‌ಗಳ ಕಡೆ ಹೋಗುವ ಮುಂಚೆ ಕೀಬೋರ್ಡ್ ಕೇಬಲ್ ಬಿಡಿಸಿ. ಎಷ್ಟೋ ಮಾದರಿಗಳಲ್ಲಿ ಪವರ್ ಬಟನ್ ಕೀಬೋರ್ಡಿನಲ್ಲೇ ಇರುತ್ತದೆ, ಮೊದಲು ಒದ್ದೆಯಾಗುವುದೂ ಅದೇ. ಒಳಗೆ ಅಂಟಿಕೊಂಡು ಬಟನ್ ಸದಾ ಒತ್ತಿದಂತಿದ್ದರೆ ಬೋರ್ಡು ಏಳುವುದೇ ಇಲ್ಲ, ಅಥವಾ ತಾನಾಗಿ ಎದ್ದು ತಾನಾಗಿ ಮಲಗುತ್ತದೆ. ಬೋರ್ಡಿನ ಮೇಲಿನ ಬಟನ್ ಪ್ಯಾಡನ್ನು ಕ್ಷಣ ಮಾತ್ರ ಗ್ರೌಂಡಿಗೆ ತಾಗಿಸಿ ನೋಡಿ. ಯಾವ ಪ್ಯಾಡ್ ಎಂದು ಬೋರ್ಡ್‌ವ್ಯೂ ನೋಡಿ ಖಚಿತ ಮಾಡಿಕೊಂಡ ಮೇಲೆಯೇ.

ಪ್ರಶ್ನೆ: ಮುಖ್ಯ ಲೈನು ಗ್ರೌಂಡಿಗೆ 0.4 ಓಮ್ ತೋರಿಸುತ್ತಿದೆ. ವೋಲ್ಟ್ ಮತ್ತು ಕರೆಂಟಿನ ಮಿತಿ ನಾವೇ ಇಡಬಹುದಾದ ಬೆಂಚ್ ಪವರ್ ಸಪ್ಲೈ ಇದೆ. ರಿಪೇರಿ ಮಾಡುವ ಸ್ನೇಹಿತ ‘ನೇರ 19 ವೋಲ್ಟ್ ಕೊಡು, ಹಾಳಾದದ್ದು ಹೊಗೆ ಬಿಟ್ಟು ತಾನೇ ತೋರಿಸುತ್ತದೆ’ ಅನ್ನುತ್ತಾನೆ. ಕೊಡಬಹುದಾ?

ಉತ್ತರ: ಬೇಡ. ಖಂಡಿತ ಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪಿನಿಂದ ನಾನೂ ಒಂದು ಬೋರ್ಡು ಕಳೆದುಕೊಂಡಿದ್ದೇನೆ.

ಮುಖ್ಯ ಲೈನಿನಿಂದ ಪ್ರೊಸೆಸರಿಗೆ ಇಳಿಯುವ ಕಡೆ ಎರಡು ಮಾಸ್‌ಫೆಟ್ ಜೋಡಿಯಾಗಿ ಕೆಲಸ ಮಾಡುತ್ತವೆ. ಮೇಲಿನದು ಮುಖ್ಯ ಲೈನಿಗೆ, ಕೆಳಗಿನದು ಗ್ರೌಂಡಿಗೆ. ಮೇಲಿನ ಮಾಸ್‌ಫೆಟ್ ಒಳಗೇ ಕರಗಿ ಒಂದಾಗಿಬಿಟ್ಟಿದ್ದರೆ ಮುಖ್ಯ ಲೈನು ನೇರ ಪ್ರೊಸೆಸರಿನ ಕಾಯಿಲ್‌ಗೆ ಸೇರಿರುತ್ತದೆ. ಪ್ರೊಸೆಸರಿನ ಓಮ್ ಮೊದಲೇ ತುಂಬಾ ಕಡಿಮೆ ಅಲ್ವಾ, ಹಾಗಾಗಿ ಮೀಟರಿನಲ್ಲಿ ಮುಖ್ಯ ಲೈನೇ ಶಾರ್ಟ್ ಆದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ 19 ವೋಲ್ಟ್ ಕೊಟ್ಟರೆ ಒಂದು ವೋಲ್ಟಿಗೆಂದು ಮಾಡಿದ ಪ್ರೊಸೆಸರಿಗೆ 19 ವೋಲ್ಟ್ ಹೋಗುತ್ತದೆ. ನನ್ನ ಕೈಯಲ್ಲಿ ಆದದ್ದೂ ಹೀಗೇ. ಆ ದಿನ ನಾನು ಎರಡು ಪ್ರೋಬ್ ಇಟ್ಟು ಮುಖ್ಯ ಲೈನಿಗೂ ಪ್ರೊಸೆಸರ್ ಕಾಯಿಲ್‌ಗೂ ನಡುವೆ ಎಷ್ಟಿದೆ ಎಂದು ಒಮ್ಮೆ ನೋಡಿದ್ದರೆ ಆ ಬೋರ್ಡು ಇವತ್ತಿಗೂ ಓಡುತ್ತಿತ್ತು. ನೀವು ಮೊದಲು ಅದನ್ನೇ ಅಳೆಯಿರಿ. ಅಲ್ಲಿ ಸೊನ್ನೆಯ ಹತ್ತಿರ ಬಂದರೆ ಸಪ್ಲೈ ಮುಟ್ಟಬೇಡಿ, ಆ ಮಾಸ್‌ಫೆಟ್ ಕಿತ್ತು ಮತ್ತೆ ಅಳೆಯಿರಿ.

ಅದು ಸರಿ ಇದ್ದರೆ ಮುಂದಿನ ಹೆಜ್ಜೆ. ಸಪ್ಲೈಯನ್ನು 1 ವೋಲ್ಟಿಗೆ ಇಡಿ, ಕರೆಂಟಿನ ಮಿತಿಯನ್ನು 1 ಆಂಪಿಯರ್‌ನಿಂದ ಶುರು ಮಾಡಿ 2, 3ಕ್ಕೆ ಏರಿಸಿ. 1 ವೋಲ್ಟ್ ಯಾಕೆ ಅಂದರೆ, ಆಕಸ್ಮಿಕವಾಗಿ ಅದು ಪ್ರೊಸೆಸರಿಗೆ ಹೋದರೂ ಹಾನಿ ಆಗುವ ಸಂಭವ ತೀರಾ ಕಡಿಮೆ. ಲೆಕ್ಕ ಹಾಕಿ ನೋಡಿ. 0.4 ಓಮ್‌ಗೆ 1 ವೋಲ್ಟ್ ಕೊಟ್ಟರೆ ಎರಡೂವರೆ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಬೋರ್ಡಿಗೆ ಅದು ಏನೂ ಅಲ್ಲ, ಆದರೆ ಅಷ್ಟೂ ಶಾಖ ಒಂದು ಸಣ್ಣ ಕೆಪಾಸಿಟರಿನ ಒಳಗೇ ಹುಟ್ಟಿದರೆ ಅದು ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ನಮಗೆ ಬೇಕಿರುವುದೂ ಅಷ್ಟೇ. ಥರ್ಮಲ್ ಕ್ಯಾಮೆರಾ ಇದ್ದರೆ ಸರಿ. ಇಲ್ಲದಿದ್ದರೆ ಬೋರ್ಡಿನ ಮೇಲೆ ಐಸೊಪ್ರೊಪೈಲ್ ತೆಳ್ಳಗೆ ಹರಡಿ, ಆಮೇಲೆ ಸಪ್ಲೈ ಕೊಟ್ಟು ಕಣ್ಣು ಕೀಳದೆ ನೋಡಿ. ಎಲ್ಲಿ ಮೊದಲು ಆರುತ್ತದೋ ಅಲ್ಲಿದೆ ನಿಮ್ಮ ಶಾರ್ಟ್.

ಹೆಚ್ಚಿನ ಸಲ ಸಿಗುವುದು ಒಂದು ಸೆರಾಮಿಕ್ ಕೆಪಾಸಿಟರ್. ಅವು ಒಂದೇ ಲೈನಿನಲ್ಲಿ ಹತ್ತಾರು ಒಟ್ಟಿಗೆ ಕೂತಿರುತ್ತವೆ, ಒಂದು ಶಾರ್ಟ್ ಆದರೆ ಮೀಟರಿಗೆ ಎಲ್ಲವೂ ಶಾರ್ಟ್ ಆದಂತೆ ಕಾಣುತ್ತದೆ. ಬಿಸಿಯಾದದ್ದನ್ನು ಕಿತ್ತು ಮತ್ತೆ ಅಳೆಯಿರಿ. ಓಮ್ ಏರಿದರೆ ಗೆದ್ದಿರಿ. ಪರೀಕ್ಷೆಗೆ ಅದಿಲ್ಲದೆಯೂ ಬೋರ್ಡು ಏಳಬಹುದು, ಆದರೆ ಹಾಗೇ ಬಿಟ್ಟು ಮುಚ್ಚಬೇಡಿ. ಅದೇ ಅಳತೆಯ, ಅದೇ ವೋಲ್ಟ್ ತಡೆಯುವ ಇನ್ನೊಂದನ್ನು ಹಾಕಿ, 19 ವೋಲ್ಟಿನ ಲೈನಿಗೆ 25 ವೋಲ್ಟಿನದಾದರೂ ಬೇಕು. ಕೆಪಾಸಿಟರ್ ಬಿಸಿಯಾಗದೆ ಯಾವುದಾದರೂ ಚಿಪ್ ಬಿಸಿಯಾದರೆ ಆಗ ಚಿಪ್ ಬದಲಿಸುವ ಮಾತು. ಅಳೆಯುವ ಮೊದಲೇ ಚಿಪ್ ಬದಲಿಸೋಣ ಅನ್ನುವವರ ಕೈಗೆ ಬೋರ್ಡು ಕೊಡಬೇಡಿ.

ಪ್ರಶ್ನೆ: ಯುಎಸ್‌ಬಿ-ಸಿ ಚಾರ್ಜಿಂಗ್ ಇರುವ ಮ್ಯಾಕ್‌ಬುಕ್. ಸೋಡಾ ಬಿತ್ತು. ಯುಎಸ್‌ಬಿ ಮೀಟರ್ ನಡುವೆ ಹಾಕಿ ನೋಡಿದರೆ 5 ವೋಲ್ಟಿನಲ್ಲೇ ನಿಂತಿದೆ, ಆಂಪಿಯರ್ ಹೆಚ್ಚುಕಡಿಮೆ ಸೊನ್ನೆ. ಇದರ ಅರ್ಥ ಏನು?

ಉತ್ತರ: ಮಾತುಕತೆ ನಡೆದಿಲ್ಲ ಅಂತ ಅರ್ಥ. ಯುಎಸ್‌ಬಿ-ಸಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಲ್ಯಾಪ್‌ಟಾಪಿನ ಪೋರ್ಟ್ ಚಿಪ್ ಸಿಸಿ ಅನ್ನುವ ಸಣ್ಣ ತಂತಿಯ ಮೂಲಕ ‘ನನಗೆ 20 ಬೇಕು’ ಎಂದು ಕೇಳಬೇಕು, ಆಗ ಕೊಡುತ್ತದೆ. 2016ರಿಂದ ಬಂದ ಹೆಚ್ಚಿನ ಇಂಟೆಲ್ ಮ್ಯಾಕ್‌ಬುಕ್ ಪ್ರೊಗಳಲ್ಲಿ ಈ ಕೆಲಸ ಸಿಡಿ3215 ಅನ್ನುವ ಚಿಪ್ಪಿನದು, ಪ್ರತಿ ಪೋರ್ಟಿಗೂ ಒಂದೊಂದು.

ಕಾಸು ಖರ್ಚಿಲ್ಲದ ಎರಡು ಪರೀಕ್ಷೆ ಮೊದಲು ಮಾಡಿ. ಬೇರೆ ಪೋರ್ಟ್‌ಗಳಲ್ಲಿ ಹಾಕಿ ನೋಡಿ. ಆಮೇಲೆ ಅದೇ ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಿ. ಈ ಪ್ಲಗ್ ಎರಡೂ ಕಡೆ ಹೋಗುತ್ತದೆ ನಿಜ, ಆದರೆ ಒಂದು ಕಡೆ ಹಾಕಿದಾಗ ಸಿಸಿ1, ತಿರುಗಿಸಿದಾಗ ಸಿಸಿ2 ಬಳಕೆಯಾಗುತ್ತದೆ. ಒಂದು ಕಡೆ 20 ಬಂದು ಇನ್ನೊಂದು ಕಡೆ 5ರಲ್ಲೇ ನಿಂತರೆ ಅಥವಾ ಏನೂ ಬರದಿದ್ದರೆ ಚಿಪ್ ಬದುಕಿದೆ, ಒಂದು ಸಿಸಿ ದಾರಿ ಮಾತ್ರ ಕೊಳೆತಿದೆ. ಪೋರ್ಟಿನ ಪಿನ್ನು ಕರಗಿರಬಹುದು, ಅಥವಾ ಆ ತಾಮ್ರದ ಗೆರೆಯ ಮೇಲಿನ ಸಣ್ಣ ಕೆಪಾಸಿಟರ್ ಹೋಗಿರಬಹುದು.

ಎಲ್ಲ ಪೋರ್ಟಿನಲ್ಲೂ, ಎರಡೂ ಕಡೆ 5 ಮಾತ್ರ ಬಂದರೆ ಆ ಚಿಪ್ಪಿನ ಸ್ವಂತ 3.3 ವೋಲ್ಟ್ ನೋಡಿ. ಬಂದ 5 ವೋಲ್ಟಿನಿಂದ ಚಿಪ್ ತನಗೆ ಬೇಕಾದ 3.3ನ್ನು ತಾನೇ ಮಾಡಿಕೊಳ್ಳುತ್ತದೆ. ಅದು ಇಲ್ಲದಿದ್ದರೆ ಆ ಚಿಕ್ಕ ಲೈನಿನ ಮೇಲೆ ಶಾರ್ಟ್ ಇದೆಯಾ ಎಂದು ಹುಡುಕಿ. ಚಿಪ್‌ಗಳು ಒಂದಕ್ಕೊಂದು ಗೆರೆ ಹಂಚಿಕೊಂಡಿರುವುದರಿಂದ ಒಂದು ಕೆಟ್ಟ ಚಿಪ್ ಉಳಿದವುಗಳನ್ನೂ ಎಳೆದು ಕೂರಿಸುವುದುಂಟು. 20 ವೋಲ್ಟ್ ಬಂದೂ ಕರೆಂಟು ಎಳೆಯದಿದ್ದರೆ ಮುಖ್ಯ ಲೈನಿಗೆ ಹೋಗಿ. ಇಂಟೆಲ್ ಮ್ಯಾಕ್‌ಬುಕ್ ಸ್ಕೀಮ್ಯಾಟಿಕ್‌ನಲ್ಲಿ ಅದರ ಹೆಸರು ಪಿಪಿಬಸ್ ಜಿ3ಹೆಚ್. ಬ್ಯಾಟರಿಯಲ್ಲಿ ಮೂರು ಸೆಲ್ ಸಾಲಾಗಿದ್ದರೆ ಅಲ್ಲಿ 12ರಿಂದ 13 ವೋಲ್ಟ್ ಇರಬೇಕು, ಎರಡು ಸೆಲ್ ಇದ್ದರೆ 8ರ ಮೇಲೆ ಚಿಲ್ಲರೆ. ಮುಂದಿನದು ಮೇಲೆ ಹೇಳಿದ ತೂಬುಗಳ ಕಥೆಯೇ.

ಪ್ರಶ್ನೆ: ತೊಳೆದ ಮೇಲೆ ಆನ್ ಆಗುತ್ತದೆ. ಆದರೆ ಫ್ಯಾನ್ ಜೋರಾಗಿ ಓಡುತ್ತದೆ, ಒಂದು ಕಿಟಕಿ ತೆರೆಯಲು ನಿಮಿಷ ಹಿಡಿಯುತ್ತದೆ. ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ: ಹಾಕಬೇಡಿ, ಅದು ಸಾಫ್ಟ್‌ವೇರ್ ಕಾಯಿಲೆ ಅಲ್ಲ. ಯಾವುದೋ ಶಾಖದ ಅಥವಾ ಕರೆಂಟಿನ ಸೆನ್ಸರ್ ಉತ್ತರ ಕೊಡುತ್ತಿಲ್ಲ. ಅಂಥ ಹೊತ್ತಿನಲ್ಲಿ ಬೋರ್ಡು ಕೆಟ್ಟದ್ದನ್ನೇ ಊಹಿಸಿ ಫ್ಯಾನ್ ಪೂರ್ತಿ ಬಿಡುತ್ತದೆ, ಪ್ರೊಸೆಸರಿನ ಕಾಲಿಗೆ ಹಗ್ಗ ಕಟ್ಟುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ವೇಗ ನೋಡಿ. 800 ಮೆಗಾಹರ್ಟ್ಸ್ ಅಥವಾ ಅದಕ್ಕೂ ಕೆಳಗೆ ಅಂಟಿಕೊಂಡಿದ್ದರೆ ‘ಪ್ರೊಸೆಸರ್ ಕಾದಿದೆ’ ಎಂದು ಹೇಳುವ ಪ್ರೋಕ್‌ಹಾಟ್ ಅನ್ನುವ ಸಿಗ್ನಲ್ ಸದಾ ಆನ್ ಆಗಿಯೇ ಇದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಕರೆಂಟು ಅಳೆಯುವ ದಪ್ಪ ರೆಸಿಸ್ಟರಿನ ಎರಡೂ ತುದಿಯಿಂದ ಹೊರಡುವ ಸಣ್ಣ ಗೆರೆಗಳನ್ನು, ಅವುಗಳ ಮೇಲಿನ ಚಿಕ್ಕ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆಯಿರಿ. ಬ್ಯಾಟರಿ ಬಿಡಿಸಿಟ್ಟಿದ್ದರೆ ಅದನ್ನೂ ಹಾಕಿ ನೋಡಿ, ಕೆಲವು ಮಾದರಿಗಳು ಬ್ಯಾಟರಿ ಇಲ್ಲದಿದ್ದರೆ ಬೇಕೆಂದೇ ನಿಧಾನ ಆಗುತ್ತವೆ.

ಪ್ರಶ್ನೆ: ಆನ್ ಆಗುವ ಸದ್ದು ಬರುತ್ತದೆ, ಪರದೆ ಕಪ್ಪು. ಟಾರ್ಚ್ ಬಿಟ್ಟರೆ ಚಿತ್ರ ಮಸುಕಾಗಿ ಕಾಣುತ್ತದೆ.

ಉತ್ತರ: ಚಿತ್ರ ಇದೆ, ಹಿಂಬೆಳಕು ಇಲ್ಲ. ಹಿಂಬೆಳಕಿನ ಲೈನಿನಲ್ಲಿ ಒಂದು ಪುಟ್ಟ ಫ್ಯೂಸ್ ಇರುತ್ತದೆ, ಅದು ತುಂಡಾಗಿದೆಯಾ ಎಂದು ಮೀಟರಿನ ಕಂಟಿನ್ಯುಟಿಯಲ್ಲಿ ನೋಡಿ. ಹೋಗಿದ್ದರೆ ಅದರ ಆಚೆ ಶಾರ್ಟ್ ಇಲ್ಲ ಎಂದು ಖಚಿತವಾದ ಮೇಲೆಯೇ ಹೊಸದು ಹಾಕಿ, ಅದೇ ಆಂಪಿಯರಿನದು. ತಂತಿ ತುಂಡು ಬೆಸೆದು ‘ಆಯಿತು’ ಅನ್ನುವವರಿದ್ದಾರೆ, ಮುಂದಿನ ಸಲ ಫ್ಯೂಸಿನ ಬದಲು ಬೋರ್ಡೇ ಸುಡುತ್ತದೆ. ಇನ್ನೊಂದು ಮುಖ್ಯ ಮಾತು. ಪರದೆಯ ಕನೆಕ್ಟರಿನಲ್ಲಿ ಹತ್ತಾರು ವೋಲ್ಟಿನ ಹಿಂಬೆಳಕಿನ ಪಿನ್ನೂ, ಒಂದೆರಡು ವೋಲ್ಟೂ ತಡೆಯದ, ಚಿತ್ರ ಸಾಗಿಸುವ ಸಿಗ್ನಲ್ ಗೆರೆಗಳೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಅಲ್ಲಿ ಒಂದು ಹನಿ ಉಳಿದಿದ್ದರೂ ಆ ವೋಲ್ಟು ಚಿತ್ರದ ಗೆರೆಗೆ ಹಾರಿ ನೇರ ಪ್ರೊಸೆಸರಿಗೆ ತಲುಪಬಹುದು. ಹಾಗಾಗಿ ಎರಡೂ ಕಡೆಯ ಕನೆಕ್ಟರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಸ್ವಚ್ಛ ಮಾಡಿ, ಪೂರ್ತಿ ಆರಿದ ಮೇಲೇ ಪರದೆ ಸಿಕ್ಕಿಸಿ. ಮಸಿ ಹಿಡಿದ ಕೇಬಲ್ ಇದ್ದರೆ ಎಸೆಯಿರಿ.

ಪ್ರಶ್ನೆ: ಕೊಳೆತ ಪ್ಯಾಡಿಗೆ, ತುಂಡಾದ ದಾರಿ ಸೇರಿಸುವ ಜಂಪರ್ ತಂತಿಯನ್ನು ನಾನೇ ಹಾಕಬಹುದಾ? ಸಾಮಾನ್ಯ ಬೆಸುಗೆ ಬರುತ್ತದೆ.

ಉತ್ತರ: ಅಭ್ಯಾಸಕ್ಕೆ ಮೊದಲು ಒಂದು ಸತ್ತ ಬೋರ್ಡು ಹುಡುಕಿ. ಅದರ ಮೇಲೆ ಇಪ್ಪತ್ತು ಸಲ ಕಿತ್ತು ಹಾಕಿ ಕೈ ಪಳಗಿದ ಮೇಲೆ ನಿಮ್ಮದಕ್ಕೆ ಬನ್ನಿ. ಕಾರ್ಖಾನೆಯ ಸೀಸವಿಲ್ಲದ ಬೆಸುಗೆ 217 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, 63 ಪಾಲು ತವರ, 37 ಪಾಲು ಸೀಸ ಇರುವ ಬೆಸುಗೆ 183ರಲ್ಲಿ. ಹಾಗಾಗಿ ಹಳೆಯದಕ್ಕೆ ಸ್ವಲ್ಪ ಸೀಸದ ಬೆಸುಗೆ ಬೆರೆಸಿಕೊಂಡರೆ ಕಡಿಮೆ ಶಾಖದಲ್ಲಿ ಬಿಡುತ್ತದೆ, ಪ್ಯಾಡು ಕಿತ್ತು ಬರುವ ಅಪಾಯ ಕಡಿಮೆ. ಸೀಸ ವಿಷ, ಕೈ ತೊಳೆಯುವುದು ಮರೆಯಬೇಡಿ. ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಧಾರಾಳವಾಗಿ ಹಾಕಿ. ಹಸಿರು ಹಿಡಿದ ತಾಮ್ರದ ಮೇಲೆ ಬೆಸುಗೆ ಕೂರುವುದಿಲ್ಲ, ಹೊಳೆಯುವ ತಾಮ್ರ ಕಾಣುವ ತನಕ ಮೆಲ್ಲಗೆ ಕೆರೆಯಬೇಕು. ಸಿಗ್ನಲ್ ಗೆರೆಗೆ ಕೂದಲಿನಂಥ ಎನಾಮಲ್ ತಂತಿ ಸಾಕು. ಆದರೆ ಪವರ್ ಲೈನಿಗೆ ಅಂಥ ತಂತಿ ಹಾಕಬೇಡಿ, ಅಷ್ಟು ಕರೆಂಟು ಹೊರಲು ಅದಕ್ಕೆ ಶಕ್ತಿ ಇಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಹೋದರೂ ಪರವಾಗಿಲ್ಲ. ಮಗುವಿನ ಮೊದಲ ಎರಡು ವರ್ಷದ ಫೋಟೋಗಳು ಅದರಲ್ಲಿವೆ, ಬೇರೆಲ್ಲೂ ಇಲ್ಲ. ಬೋರ್ಡನ್ನೇ ಬದಲಿಸಿಬಿಡೋಣ ಅನ್ನುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿ. ಸ್ಟೋರೇಜ್ ಬೋರ್ಡಿನಿಂದ ಬಿಚ್ಚಿ ಬರುತ್ತದಾ, ಇಲ್ಲಾ ಬೋರ್ಡಿಗೇ ಬೆಸೆದಿದೆಯಾ? ಬಿಚ್ಚಿ ಬರುವಂಥ ಎಂ.2 ಆಗಿದ್ದರೆ ಚಿಂತೆ ಕಡಿಮೆ. ಅದನ್ನು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಫೋಟೋ ತೆಗೆದುಕೊಳ್ಳಬಹುದು. ಬಿಟ್‌ಲಾಕರ್ ಅನ್ನುವ ವಿಂಡೋಸ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ.

ಬೆಸೆದಿದ್ದರೆ ಬೋರ್ಡು ಹೋದರೆ ಫೋಟೋಗಳೂ ಹೋದವು. ಅದರಲ್ಲೂ ಟಿ2 ಅನ್ನುವ ಆಪಲ್ ಭದ್ರತಾ ಚಿಪ್ ಇರುವ 2018ರಿಂದ ಈಚಿನ ಇಂಟೆಲ್ ಮ್ಯಾಕ್‌ಬುಕ್‌ಗಳು ಮತ್ತು 2020ರ ಎಂ1 ಚಿಪ್ಪಿನಿಂದ ಈಚಿನವು ಆಗಿದ್ದರೆ ಸ್ಟೋರೇಜಿನಲ್ಲಿರುವುದೆಲ್ಲ ಬೀಗ ಹಾಕಿಯೇ ಕೂತಿರುತ್ತದೆ, ಬೀಗದ ಕೈ ಅದೇ ಬೋರ್ಡಿನ ಆ ಚಿಪ್ಪಿನೊಳಗೆ. ಸ್ಟೋರೇಜ್ ಚಿಪ್‌ಗಳನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಏನೂ ಓದಲು ಬರುವುದಿಲ್ಲ. ದಾರಿ ಒಂದೇ, ಅದೇ ಬೋರ್ಡು ಒಂದು ಸಲವಾದರೂ ಏಳಬೇಕು. ಹಾಗಾಗಿ ಬೋರ್ಡು ಬದಲಿಸುವವರಲ್ಲ, ಬೋರ್ಡಿನ ಮೇಲೇ ಕೆಲಸ ಮಾಡಿ ಡೇಟಾ ತೆಗೆಯುವವರನ್ನು ಹುಡುಕಿ. ಕೊಡುವಾಗಲೇ ಸ್ಪಷ್ಟವಾಗಿ ಹೇಳಿ: ನನಗೆ ಲ್ಯಾಪ್‌ಟಾಪ್ ಬೇಡ, ಫೋಟೋ ಬೇಕು. ಈ ಒಂದು ಮಾತಿನಿಂದ ಅವರ ಕೆಲಸದ ರೀತಿಯೇ ಬದಲಾಗುತ್ತದೆ. ಕೀಬೋರ್ಡ್, ಸ್ಪೀಕರ್, ವೈಫೈ ಯಾವುದರ ಹಿಂದೆಯೂ ಹೋಗಬೇಕಿಲ್ಲ, ಸ್ಟೋರೇಜ್ ಮತ್ತು ಪ್ರೊಸೆಸರಿನ ಲೈನುಗಳು ಎದ್ದರೆ ಸಾಕು. ಪ್ರೊಸೆಸರಿಗೆ ಹಾಟ್ ಏರ್ ಹಿಡಿದು ‘ಬಿಸಿ ಮಾಡಿ ನೋಡುತ್ತೇವೆ’ ಅಂದರೆ ಅಲ್ಲೇ ಬೇಡ ಅನ್ನಿ. ಬೋರ್ಡು ಮತ್ತು ಅದರ ಪಾಸ್‌ವರ್ಡ್ ಎರಡೂ ಜೋಪಾನ. ಅಲ್ಲಿಯ ತನಕ ಬ್ಯಾಟರಿ ಬಿಡಿಸಿಡಿ, ಚಾರ್ಜರ್ ಸಿಕ್ಕಿಸಬೇಡಿ. ಬೋರ್ಡು ಎದ್ದ ದಿನ ಮೊದಲ ಗಂಟೆಯಲ್ಲೇ ಫೋಟೋಗಳು ಎರಡು ಬೇರೆ ಡಿಸ್ಕ್‌ಗಳಿಗೆ ಹೋಗಲಿ.